ಆನೆ ಕಾಯುವ ಜೀಪಿಗೆ ಏರಿಯಲ್ ಕೂರಿಸಿದ್ದು

ನನ್ನ ಮದುವೆಯ ಮಾತುಕತೆಗೆ ಕೂತಾಗ ಹುಡುಗಿಯ ಸೋದರಮಾವ, ಗದಗಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವರು, ಕೇಳಿದ ಮೊದಲ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. “ಬೆಂಗಳೂರಾಗ ಏನ್ ಕೆಲಸಾರೀ ನಿಮ್ದು?” ಎಂದರು. ಗಾಡಿಗಳಿಗೆ ವೈರ್‌ಲೆಸ್ ಸೆಟ್ ಹಾಕಿ ಏರಿಯಲ್ ಕೂರಿಸುತ್ತೇನೆ ಎಂದೆ. ಅವರು ಎಲೆ ಅಡಿಕೆ ಅಗಿಯುತ್ತ ಯೋಚಿಸಿ, “ಅಂದ್ರ ಮಾಳಗಿ ಹತ್ತಿ ಟೀವಿ ಆಂಟೆನಾ ತಿರುಗಸ್ತೀರೇನು?” ಎಂದರು. ಮದುವೆ ಹೇಗೋ ಆಯಿತು. ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಟೀವಿ ಚಿತ್ರ ಕೆಟ್ಟರೆ ಹೆಂಡತಿ ಮೊದಲು ನೋಡುವುದು ನನ್ನ ಮುಖವನ್ನೇ.

ಈಗ ಈ ಕಸುಬಿಗೆ ಬರುತ್ತಿರುವ ಹುಡುಗ ಹುಡುಗಿಯರು ನಮಗಿಂತ ಹೆಚ್ಚು ಓದಿದ್ದಾರೆ. ಕಂಪ್ಯೂಟರಿನಲ್ಲಿ ಗಾಡಿಯ ಚಿತ್ರ ಹಾಕಿ, ಏರಿಯಲ್ ಎಲ್ಲಿಟ್ಟರೆ ಅಲೆ ಯಾವ ಕಡೆ ಹೋಗುತ್ತದೆ ಎಂದು ಬಣ್ಣ ಬಳಿದು ತೋರಿಸುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ನಮ್ಮ ಕಾಲದಲ್ಲಿ ಅದನ್ನು ಹೇಗೆ ತಿಳಿದುಕೊಳ್ಳುತ್ತಿದ್ದೆವು ಎಂದು ಅವರಿಗೆ ಹೇಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಕೂರಿಸಿದ ಏರಿಯಲ್‌ಗಳ ಲೆಕ್ಕ ಇಟ್ಟವನಲ್ಲ. ಆದರೆ ಒಂದು ಜೀಪು ನಮ್ಮನ್ನು ವರ್ಷಗಟ್ಟಲೆ ಕಾಡಿತು. ಆ ಒಂದು ಜೀಪಿನ ಕಥೆ ಹೇಳಿದರೆ ಉಳಿದದ್ದನ್ನೂ ಹೇಳಿದಂತೆಯೇ.

ನಾನು ಐಟಿಐ ಮುಗಿಸಿ ರೋಣದ ಕಡೆಯಿಂದ ಬೆಂಗಳೂರಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಬಿಟಿಎಂ ಲೇಔಟಿನಲ್ಲಿ ನಮ್ಮ ಕಡೆಯ ಹುಡುಗರ ಜೊತೆ ಒಂದು ಕೋಣೆ. ಅಲ್ಲಿಂದ ನಡೆದುಕೊಂಡೇ ಜಯನಗರಕ್ಕೆ ಹೋಗಿ ಸುಶೀಲಾ ಮೇಡಂ ಅವರ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಬಸವರಾಜ ಎಂದಿದ್ದ ನನ್ನ ಹೆಸರಿಗೆ ಬೆಂಗಳೂರಿನವರು ಮೊದಲ ದಿನವೇ ಒಂದು ಕೊಂಬು ಸೇರಿಸಿ ಬಸವರಾಜು ಮಾಡಿದರು. ಅದು ಹಾಗೇ ಉಳಿಯಿತು.

ಸುಶೀಲಾ ಮೇಡಂ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದವರು. ಕಪ್ಪು ಹಲಗೆಯ ಮೇಲೆ ರೇಡಿಯೊ ಬರೆದು ಬರೆದು ಬೇಜಾರಾಗಿ, ಕೆಲಸ ಬಿಟ್ಟು, ತಮ್ಮ ಮನೆಯ ಕಾರ್ ಶೆಡ್ಡಿನಲ್ಲೇ ವರ್ಕ್‌ಶಾಪ್ ತೆರೆದಿದ್ದರು. ದಪ್ಪ ಕನ್ನಡಕ, ನೂಲಿನ ಸೀರೆ, ತುರುಬಿನಲ್ಲಿ ಹೂವಿನ ಬದಲು ಒಂದು ಟೆಸ್ಟರ್. ಮಾತಾಡುತ್ತಲೇ ಕೈ ಹಿಂದಕ್ಕೆ ಹೋಗಿ ಟೆಸ್ಟರ್ ಹಿರಿದರೆ ಎದುರಿಗಿದ್ದ ಡ್ರೈವರುಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಮೊದಲ ವಾರ ನನಗೆ ಕೊಟ್ಟದ್ದು ಒಂದು ಬಾಡಿಗೆ ಕಾರು. ಏರಿಯಲ್ಲಿನ ಬುಡವನ್ನು ನೀಟಾಗಿ ಬಿಗಿದು, ಹೊಸ ಬಣ್ಣಕ್ಕೆ ಒಂದು ಗೀರೂ ಬೀಳದಂತೆ ರಬ್ಬರು ಕೊಟ್ಟು, ಒರೆಸಿ ಇಟ್ಟೆ. ಜಯನಗರದಿಂದ ಮಾತಾಡಿದರೆ ಬನಶಂಕರಿಗೆ ಕೇಳಿಸಲಿಲ್ಲ. ಮೇಡಂ ಬಂದರು, ತಿರುಪು ಬಿಚ್ಚಿದರು, ಅದರ ಕೆಳಗಿನ ಲೋಹ ತೋರಿಸಿ ಕೇಳಿದರು. “ಇದ್ಯಾಕ್ರೀ ಇಷ್ಟು ಹೊಳೀತಿದೆ?”

“ಬಣ್ಣ ಮೇಡಂ. ಹಾಳಾಗಬಾರ್ದಂತ…”

“ಬಣ್ಣದ ಮೇಲೆ ಕೂತರೆ ಏರಿಯಲ್ ಗಾಡಿಗೆ ಸೇರಿಲ್ಲ ಅಂತ ಅರ್ಥ. ಕಡ್ಡಿ ಬರೀ ಅರ್ಧ ಏರಿಯಲ್ಲು ಬಸವರಾಜು. ಕೆಳಗಿರೋ ತಗಡು ಇನ್ನರ್ಧ. ಕೆರೀರಿ ಅದನ್ನ.”

ಅವರು ತುರುಬಿನಿಂದ ತೆಗೆದುಕೊಟ್ಟ ಟೆಸ್ಟರಿನಲ್ಲೇ ಬಣ್ಣ ಕೆರೆದೆ. ಬನಶಂಕರಿಯಿಂದ ಉತ್ತರ ಬಂತು. ಈ ಕಸುಬಿನ ಅರ್ಧ ವಿದ್ಯೆ ಅಲ್ಲಿಗೆ ಮುಗಿಯಿತು. ಉಳಿದರ್ಧ ಕಲಿಸಿದ್ದು ಜೀಪು.

ಅದು ಬಂದದ್ದು ಬನ್ನೇರುಘಟ್ಟದ ಕಾಡಂಚಿನಿಂದ. ಆಗ ಗೊಟ್ಟಿಗೆರೆ ಇನ್ನೂ ಊರು. ಹುಳಿಮಾವಿನ ಆಚೆ ರಾಗಿ ಹೊಲ, ನೀಲಗಿರಿ ತೋಪು. ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಕಾಡಿನಿಂದ ಇಳಿದು ಬರುತ್ತಿದ್ದವು. ಅವನ್ನು ಹಿಂದಕ್ಕೆ ಕಳಿಸಲು ಒಂದು ತಂಡ, ತಂಡಕ್ಕೊಂದು ಕ್ಯಾನ್ವಾಸ್ ಟಾಪಿನ ಹಳೆಯ ಜೀಪು. ಹೊಲ ಕಾಯುವವರ ಕೈಯಲ್ಲಿ ಸಣ್ಣ ವೈರ್‌ಲೆಸ್ ಸೆಟ್ಟುಗಳಿದ್ದವು. ಅವರ ಮಾತು ಜೀಪಿಗೆ ಕೇಳಿಸಬೇಕು, ಜೀಪಿನ ಮಾತು ಅವರಿಗೆ ಕೇಳಿಸಬೇಕು. ನಮ್ಮ ಕೆಲಸ ಅಷ್ಟೇ.

ಜೀಪಿನ ಜೊತೆ ಬಂದವರು ಇಬ್ಬರು. ಒಬ್ಬರು ತಂಡದ ಅಧಿಕಾರಿ ತಿಪ್ಪೇಸ್ವಾಮಿ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ದನಿ ಎಂಥದ್ದೆಂದರೆ ಅವರು ಮೈಕಿನಲ್ಲಿ ಮಾತಾಡಿದರೆ ಸೆಟ್ಟೇ ಬೇಡ, ಗಾಳಿಯಲ್ಲೇ ಮುಟ್ಟುತ್ತದೆ ಎಂದು ನಾವು ನಗುತ್ತಿದ್ದೆವು. ಇನ್ನೊಬ್ಬ ಡ್ರೈವರ್ ನಂಜುಂಡಪ್ಪ, ಗೊಟ್ಟಿಗೆರೆಯ ಹಳೇ ಮನೆತನದವನು. ಆ ಜೀಪನ್ನು ಅವನು ಹಸುವಿನಂತೆ ನೋಡಿಕೊಳ್ಳುತ್ತಿದ್ದ. ಸಂಜೆ ಕೆರೆಯಲ್ಲಿ ತೊಳೆದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಆಮೇಲೆ ತನ್ನ ಮುಖ ತೊಳೆಯುತ್ತಿದ್ದ.

ಸಾಹೇಬರು ಬಂದವರೇ, “ಹಿಂದಿನ ಬಂಪರಿಗೆ ಉದ್ದನೆಯದು ಹಾಕ್ರಿ. ದೂರದಿಂದ್ಲೇ ಡಿಪಾರ್ಟ್‌ಮೆಂಟ್ ಗಾಡಿ ಅಂತ ಗೊತ್ತಾಗ್ಬೇಕು,” ಎಂದರು. ನಂಜುಂಡಪ್ಪ ಅವರ ಬೆನ್ನ ಹಿಂದೆ ನಿಂತು ನನಗೆ ಮೆಲ್ಲಗೆ, “ಎಲ್ಲಾದ್ರೂ ಹಾಕು ಗುರು, ಗಾಡಿಗೆ ಮಾತ್ರ ತೂತು ಹಾಕಂಗಿಲ್ಲ,” ಎಂದ. ಮೇಡಂ ಇಬ್ಬರ ಮುಖವನ್ನೂ ನೋಡಿ, “ಸರಿ, ಮೊದಲು ಅವರು ಹೇಳಿದ ಹಾಗೇ ಮಾಡೋಣ. ಗಾಡಿ ಏನು ಹೇಳತ್ತೆ ಆಮೇಲೆ ಕೇಳೋಣ,” ಎಂದರು.

ಹಿಂದಿನ ಬಂಪರಿನ ಎಡ ಮೂಲೆಗೆ ಆಳೆತ್ತರ ಮೀರಿದ ಕಡ್ಡಿ ಕೂರಿಸಿದೆವು. ನೋಡಲು ಸಖತ್ತಾಗಿಯೇ ಇತ್ತು. ಜೀಪು ಜಯನಗರದ ಮರಗಳ ಕೆಳಗೆ ಹೊರಟಾಗ ಕಡ್ಡಿ ತೂಗಾಡುತ್ತ ಹೋಯಿತು, ಸಾಹೇಬರು ಸೆಟೆದು ಕೂತಿದ್ದರು. ಆದರೆ ಕಾಡಿನಲ್ಲಿ ಬಿದಿರು, ಲಾಂಟಾನದ ಪೊದೆ. ಕಡ್ಡಿ ಕೊಂಬೆಗೆ ಸಿಕ್ಕಿ ಬಾಗುವುದು, ಬಿಟ್ಟುಕೊಂಡು ಚಾಟಿಯಂತೆ ಬೀಸುವುದು, ಹಿಂದೆ ಕೂತವರು ತಲೆ ಬಗ್ಗಿಸುವುದು. ಕಡ್ಡಿಯ ತುದಿಯನ್ನು ಹಗ್ಗದಿಂದ ಎಳೆದು ಮುಂದಕ್ಕೆ ಕಟ್ಟಿ ಎಂದು ಸಲಹೆ ಕೊಟ್ಟೆವು. ಕಟ್ಟಿದರು. ಒಂದು ದಿನ ಹಗ್ಗ ಬಿಚ್ಚಿಕೊಂಡು, ಇಳಿಯುತ್ತಿದ್ದ ಸಾಹೇಬರ ಟೋಪಿಯನ್ನು ಕಡ್ಡಿ ಹೊಡೆದು ಕೆರೆಗೆ ಹಾಕಿತು. ಅದನ್ನು ವರದಿ ಮಾಡಲು ನಂಜುಂಡಪ್ಪ ವರ್ಕ್‌ಶಾಪಿಗೆ ಬಂದಾಗ ನಗು ತಡೆಯಲಾರದೆ ಬಾಗಿಲಲ್ಲೇ ಕೂತುಬಿಟ್ಟ.

ನಕ್ಕು ಮುಗಿದ ಮೇಲೆ ಅವನು ಹೇಳಿದ ಇನ್ನೊಂದು ಮಾತು ನಮ್ಮನ್ನು ಎಬ್ಬಿಸಿತು. “ಮೇಡಂ, ಇನ್ನೊಂದ್ ಇಚಿತ್ರ ಐತೆ. ಗಾಡಿ ಕಾಡಿನ ಕಡೆ ಮುಖ ಮಾಡಿದ್ರೆ ಕಾಡೊಳಗಿರೋರಿಗೆ ಚೆನ್ನಾಗಿ ಕೇಳುಸ್ತೈತೆ. ತಿರುಗುಸ್ಕೊಂಡ್ರೆ ಕೇಳುಸಲ್ಲ. ನಾನೇನಾರ ತಪ್ಪು ಮಾಡ್ತಿದೀನಾ?”

“ಇಲ್ಲ ನಂಜುಂಡಪ್ಪ. ನೀವು ಹೇಳಿದ್ದನ್ನ ನೋಡೇಬಿಡೋಣ,” ಎಂದರು ಮೇಡಂ.

ಮರುದಿನ ಜೆಪಿ ನಗರದ ಕೊನೆಯಲ್ಲಿ, ಸೈಟುಗಳಿಗೆ ಕಲ್ಲು ನೆಟ್ಟು ಬಿಟ್ಟಿದ್ದ ಬಯಲಿಗೆ ಜೀಪು ತಂದೆವು. ಆನಂದನಿಗೆ ಒಂದು ಸಣ್ಣ ಸೆಟ್ಟು ಕೊಟ್ಟು ಹುಳಿಮಾವು ಕೆರೆ ಏರಿಯ ಮೇಲೆ ನಿಲ್ಲಿಸಿದೆವು. ಆನಂದನ ಬಗ್ಗೆ ಹೇಳಬೇಕು. ತಿಲಕ್ ನಗರದಲ್ಲಿ ಅವನದು ತಗಡಿನ ಕೆಲಸದ ಶೆಡ್ಡು. ನಮಗೆ ಬೇಕಾದ ಬ್ರಾಕೆಟ್ಟುಗಳನ್ನೆಲ್ಲ ಮಾಡಿಕೊಡುತ್ತಿದ್ದವನು ಅವನೇ. ಶೆಡ್ಡಿನ ಗೋಡೆಯಲ್ಲಿ ವೆಲ್ಡಿಂಗ್ ಹೊಗೆಗೆ ಕಪ್ಪಾಗುತ್ತಿದ್ದ ಬುದ್ಧನ ಪಟವನ್ನು ಅವನ ತಾಯಿ ಹುಣ್ಣಿಮೆ ಹುಣ್ಣಿಮೆಗೆ ಬಂದು ಒರೆಸಿ ಹೋಗುತ್ತಿದ್ದರು. ಆನಂದನಿಗೆ ಮಾತು ಜಾಸ್ತಿ, ಕೈ ಅದಕ್ಕಿಂತ ಚುರುಕು.

ನಂಜುಂಡಪ್ಪ ಬಯಲಿನಲ್ಲಿ ಜೀಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದ. ನಾನು ಪ್ರತಿ ಸಲ ಮೈಕಿನಲ್ಲಿ ಕೇಳುತ್ತಿದ್ದೆ. ಸೈಟು ನೋಡಲು ಬಂದಿದ್ದ ಒಂದು ಸಂಸಾರ, ಇದ್ಯಾವ ಪೂಜೆ ಎಂದು ನಿಂತು ನೋಡಿತು.

“ಆನಂದಾ, ಈಗ?”

“ಸಖತ್ತಾಗಿ ಕೇಳ್ತಿದೆ ಗುರು.”

“ಈಗ?”

“ಪರ್ವಾಗಿಲ್ಲ.”

“ಈಗ?”

ಉತ್ತರವಿಲ್ಲ. ಬರೀ ಸುಯ್ ಎನ್ನುವ ಸದ್ದು. ಜೀಪಿನ ಹಿಂಭಾಗದ ಎಡ ಮೂಲೆ ಹುಳಿಮಾವಿನ ಕಡೆಗಿತ್ತು. ಮೇಡಂ ಬಯಲಿನ ಮಣ್ಣಿನ ಮೇಲೆ ಟೆಸ್ಟರಿನಿಂದ ಜೀಪಿನ ಆಕಾರ ಬರೆದು ತೋರಿಸಿದರು. ಏರಿಯಲ್ ಮೂಲೆಯಲ್ಲಿದ್ದರೆ ಗಾಡಿಯ ಲೋಹವೆಲ್ಲ ಅದರ ಒಂದೇ ಪಕ್ಕಕ್ಕೆ ಬೀಳುತ್ತದೆ. ಮಾತು ಲೋಹ ಇರುವ ಕಡೆಗೆ, ಅಂದರೆ ಎದುರಿನ ಮೂಲೆಯ ದಿಕ್ಕಿಗೆ, ಜೋರಾಗಿ ಹೋಗುತ್ತದೆ. ಬೆನ್ನ ಕಡೆಗೆ ಹೋಗುವುದು ಕಡಿಮೆ. ನಂಜುಂಡಪ್ಪ ಕೂತು ಆ ಚಿತ್ರವನ್ನೇ ನೋಡಿದ. “ಅಂದ್ರೆ ಟಾರ್ಚು ಇದ್ದಂಗೆ. ಆನೆ ಎಲ್ಲಾ ದಿಕ್ಕಿಂದ್ಲೂ ಬರ್ತಾವೆ ಮೇಡಂ, ನಂಗೆ ದೀಪದ ಕಂಬ ಬೇಕು,” ಎಂದ. ಅದಕ್ಕಿಂತ ಚೆನ್ನಾಗಿ ಯಾರೂ ಬೇಡಿಕೆ ಬರೆದುಕೊಟ್ಟದ್ದಿಲ್ಲ ಎಂದು ಮೇಡಂ ಆಮೇಲೆ ಎಷ್ಟೋ ಗಿರಾಕಿಗಳ ಎದುರು ಹೇಳುತ್ತಿದ್ದರು.

ಅಷ್ಟರಲ್ಲಿ ಆಯಸ್ಕಾಂತದ ಬುಡವಿರುವ ಏರಿಯಲ್ ಬಂತು. ಕೊರೆಯುವುದು ಬೇಡ, ಬಿಗಿಯುವುದು ಬೇಡ, ಇಟ್ಟರೆ ಅಂಟಿಕೊಳ್ಳುತ್ತದೆ. ಗಾಡಿಗೆ ತೂತು ಬೀಳುವುದಿಲ್ಲವೆಂದು ನಂಜುಂಡಪ್ಪ ಕುಣಿದಾಡಿದ. ಕ್ಯಾನ್ವಾಸ್ ಚಾವಣಿಗೆ ಅದು ಅಂಟುವುದಿಲ್ಲವಲ್ಲ, ಬಾನೆಟ್ಟಿನ ನಡುವೆ ಇಟ್ಟೆವು. ಇಂಜಿನ್ನಿನ ನೆತ್ತಿಯ ಮೇಲೆಯೇ ಕೂತಿದ್ದರಿಂದ ಆಕ್ಸಿಲರೇಟರ್ ತುಳಿದ ಹಾಗೆಲ್ಲ ಸ್ಪೀಕರಿನಲ್ಲಿ ನಾಗಸ್ವರ ಏರುತ್ತಿತ್ತು. ಅದನ್ನೂ ಸಹಿಸಿಕೊಂಡರು. ಒಂದು ವಾರದೊಳಗೆ ಪೊದೆಯೊಂದು ಅದನ್ನು ಕಿತ್ತು ಕೆಳಗೆ ಹಾಕಿತು. ಹಿಂದೆಯೇ ಬಂದ ಆನೆ ಅದರ ಮೇಲೆ ಕಾಲಿಟ್ಟು ಹೋಯಿತು. ನಂಜುಂಡಪ್ಪ ತಂದು ಮೇಜಿನ ಮೇಲಿಟ್ಟದ್ದು ಏನೆಂದು ನಮಗೆ ಮೊದಲು ತಿಳಿಯಲೇ ಇಲ್ಲ. ಆನಂದ ಅದನ್ನು ಎತ್ತಿ ನೋಡಿ, “ನನ್ನ ಪ್ರೆಸ್ ಮೆಷಿನ್ನಿಗೂ ಇಷ್ಟು ಫಿನಿಷಿಂಗ್ ಬರಲ್ಲ ಮಗಾ,” ಎಂದ.

ಆಗ ಮೇಡಂ ಒಂದು ತೀರ್ಮಾನ ಮಾಡಿದರು. “ನಾವು ಜಯನಗರದಲ್ಲಿ ಕೂತು ಕಾಡಿನ ಗಾಡಿಗೆ ಏರಿಯಲ್ ಹಾಕ್ತಿದೀವಿ. ನಾಳೆ ಬೆಳಿಗ್ಗೆ ನಾನೂ ಬರ್ತೀನಿ.”

ಬಂದರು. ಸೀರೆ ಎತ್ತಿ ಕಟ್ಟಿ, ಕಾಲಿಗೆ ಮಗನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಜೀಪಿನ ಹಿಂದೆ ತಮಟೆ, ಪಟಾಕಿ ಹಿಡಿದ ಕಾವಲುಗಾರರ ನಡುವೆ ಕೂತರು. ತಿಪ್ಪೇಸ್ವಾಮಿ ಸಾಹೇಬರು ಗಾಬರಿಯಾಗಿ, “ಮೇಡಂ, ಮುಂದೆ ಕೂತ್ಕೊಳ್ಳಿ,” ಎಂದರೆ, “ಮುಂದಿನಿಂದ ಏನೂ ಕಾಣಲ್ಲ,” ಎಂದರು. ಇಡೀ ಬೆಳಗ್ಗೆ ಜೀಪು ಪೊದೆಗಳಲ್ಲಿ ನುಗ್ಗಿ ಹೊರಬಂತು. ಆನೆ ಕಾಣಲಿಲ್ಲ. ಮೇಡಂ ಆನೆ ನೋಡಲು ಬಂದವರೂ ಅಲ್ಲ. ಯಾವ ಎತ್ತರದಲ್ಲಿ ಕೊಂಬೆ ಬಡಿಯುತ್ತದೆ, ಜೀಪು ಹಳ್ಳಕ್ಕೆ ಇಳಿದಾಗ ಕಾವಲುಗಾರರು ಯಾವ ಕಂಬಿ ಹಿಡಿದುಕೊಳ್ಳುತ್ತಾರೆ, ಹೊರಗೆ ಜಿಗಿಯುವಾಗ ಕಾಲು ಎಲ್ಲಿ ಊರುತ್ತಾರೆ, ಇದೆಲ್ಲವನ್ನೂ ನೋಡಿದರು. ಕಾವಲುಗಾರನೊಬ್ಬ ಇಳಿಯುವಾಗ ಅಭ್ಯಾಸಬಲದಿಂದ ಬಂಪರಿನಲ್ಲಿ ಇನ್ನೂ ಉಳಿದಿದ್ದ ಹಳೆಯ ಏರಿಯಲ್ ಬುಡವನ್ನೇ ಮೆಟ್ಟಿಲು ಮಾಡಿಕೊಂಡ. “ಓ, ಅದಕ್ಕೇ ಅದು ತಿಂಗಳಿಗೊಂದು ಸಲ ಸಡಿಲ ಆಗ್ತಿದ್ದಿದ್ದು!” ಎಂದು ಮೇಡಂ ಸಂತೋಷದಿಂದ ಕೂಗಿಬಿಟ್ಟರು. ಬೈದರೆಂದು ತಿಳಿದು ಅವನು ಕ್ಷಮೆ ಕೇಳಿದ.

ವಾಪಸು ಬರುವಾಗ ಮೇಡಂಗೂ ನನಗೂ ಜಗಳ. ಜಾಗದ ಬಗ್ಗೆ ಅಲ್ಲ. ಚಾವಣಿಯ ಕಂಬಿಗಳ ಮೇಲೆ, ಡ್ರೈವರಿನ ತಲೆಯ ಹಿಂದೆ, ನಟ್ಟನಡುವೆ ಇರಬೇಕು ಎನ್ನುವುದಕ್ಕೆ ಇಬ್ಬರೂ ಒಪ್ಪಿದ್ದೆವು. ಕ್ಯಾನ್ವಾಸಿನ ಕೆಳಗೆ ಲೋಹ ಇಲ್ಲದ್ದರಿಂದ ನಾವೇ ಒಂದು ಅಗಲವಾದ ತಗಡು ಹಾಕಿ, ಅದರ ನಡುವೆ ಕಡ್ಡಿ ನಿಲ್ಲಿಸಬೇಕು. ಜಗಳ ಇದ್ದದ್ದು ಕಡ್ಡಿಯ ಉದ್ದದ ಬಗ್ಗೆ. ಇನ್ನಷ್ಟು ದೂರ ಮುಟ್ಟುವ ಉದ್ದ ಕಡ್ಡಿಯೇ ಬೇಕು ಎಂದು ನನ್ನ ಹಟ. ಮೊಳದುದ್ದದ ಗಿಡ್ಡ ಕಡ್ಡಿ, ಕೆಳಗೊಂದು ಸ್ಪ್ರಿಂಗು ಸಾಕು ಎಂದು ಅವರದು. ಸಿಟ್ಟು ಬಂದರೆ ನನಗೆ ಊರಿನ ಮಾತೇ ಬರುತ್ತಿತ್ತು. “ಹಂಗಾರ ಇಷ್ಟು ವರ್ಷ ದೂರ ಮುಟ್ಟಸಾಕ ಯಾಕ ಒದ್ದಾಡಿದ್ವಿರೀ ಮೇಡಂ?” ಎಂದೆ.

ಅವರು ನಕ್ಕರು. “ಒದ್ದಾಡಿದ್ವಿ, ನಿಜ. ಆದರೆ ಮುರಿದುಹೋದ ಉದ್ದ ಏರಿಯಲ್ಲು ಎಷ್ಟು ದೂರ ಮುಟ್ಟತ್ತೆ ಹೇಳಿ? ಈ ಗಾಡಿಗೆ ಬೇಕಾಗಿರೋದು ಸಂಜೆ ಹೊತ್ತಿಗೆ ಇನ್ನೂ ನಿಂತಿರೋ ಕಡ್ಡಿ.”

ಮುಂದಿನವರಿಗೆ ನಾನು ಹೇಳಬೇಕಾದ ಮಾತೂ ಇದೇ. ಎಲ್ಲಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಉದ್ದ ಯಾವುದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಅದು ತಪ್ಪಲ್ಲ. ಆದರೆ ಆ ಪುಸ್ತಕ ಬರೆದವರು ನಿಮ್ಮ ಮುಂದಿರುವ ಗಾಡಿಯಲ್ಲಿ ಕೂತಿಲ್ಲ. ಒಂದು ಸಲ ಕೂತು ಬನ್ನಿ.

ತಗಡು ಕೂರಿಸುವುದಕ್ಕೆ ನಂಜುಂಡಪ್ಪನ ಷರತ್ತು ಇದ್ದೇ ಇತ್ತು. ತೂತು ಇಲ್ಲ, ವೆಲ್ಡಿಂಗೂ ಇಲ್ಲ. ಆನಂದ ಜೀಪಿನ ಸುತ್ತ ಸುತ್ತಿ, ಬೀಡಿ ಸೇದಿ, ಕೊನೆಗೆ ಕಂಬಿಗಳನ್ನು ಅಪ್ಪಿಕೊಳ್ಳುವ ಹಿಡಿಗಳನ್ನು ಮಾಡಿದ. ಕೈಯಲ್ಲೇ ತಿರುಗಿಸಬಹುದಾದ ಚಿಟ್ಟೆ ನಟ್ಟುಗಳಿಂದ ತಗಡು ಅದರ ಮೇಲೆ ಬಿಗಿಯಾಗಿ ಕೂರುತ್ತಿತ್ತು. ತಗಡಿನಿಂದ ಜೀಪಿನ ಅಡಿಯ ಕಬ್ಬಿಣದ ಚಾಸಿಗೆ ತಾಮ್ರದ ಜಡೆಯಂಥ ಪಟ್ಟಿ ಎಳೆದೆವು. ಕೇಬಲ್ಲನ್ನು ಬಿಗಿಯಾಗಿ ಎಳೆಯದೆ ಒಂದು ಸುತ್ತು ಸಡಿಲ ಬಿಡಿಸಿದ್ದು ಮೇಡಂ. ಗಾಡಿ ಅಲುಗಾಡಿದರೆ ಕೇಬಲ್ಲಿಗೂ ಉಸಿರಾಡಲು ಜಾಗ ಬೇಕು ಎನ್ನುತ್ತಿದ್ದರು.

ಜೆಪಿ ನಗರದ ಬಯಲಿನಲ್ಲಿ ಮತ್ತೆ ಜೀಪು ತಿರುಗಿತು. ಯಾವ ದಿಕ್ಕಿಗೆ ತಿರುಗಿದರೂ ಹುಳಿಮಾವಿನಿಂದ ಆನಂದ ಬೇಸರದ ದನಿಯಲ್ಲಿ, “ಕೇಳ್ತಿದೆ ಗುರು, ಕೇಳ್ತಾನೇ ಇದೆ, ಬಿಡು, ಹಸಿವಾಗ್ತಿದೆ,” ಎಂದ. ನಂಜುಂಡಪ್ಪನಿಗೆ ಅವನ ದೀಪದ ಕಂಬ ಸಿಕ್ಕಿತು. ತಿಪ್ಪೇಸ್ವಾಮಿ ಸಾಹೇಬರು ಮಾತ್ರ ಗಿಡ್ಡ ಕಡ್ಡಿಯನ್ನು ನೋಡಿ, “ಇದೇನ್ರೀ, ಊದುಬತ್ತಿ ಹಚ್ಚಿಟ್ಟಂಗಿದೆ,” ಎಂದು ಮುಖ ಸಣ್ಣದು ಮಾಡಿಕೊಂಡರು.

ಆಮೇಲಿನ ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ತಯಾರಾದ ಹಿಡಿಗಳು ಡಬ್ಬಿಯಲ್ಲಿ ಬಂದವು. ಮೊಬೈಲ್ ಬಂತು, ಬಾಡಿಗೆ ಕಾರುಗಳು ವೈರ್‌ಲೆಸ್ ಬಿಚ್ಚಿಸಿದವು, ನಾವು ಹಾಕಿದ್ದನ್ನು ನಾವೇ ಕಳಚಿಕೊಟ್ಟೆವು. ಮೇಡಂ ಅವರ ಕಣ್ಣು ಮಂಜಾಗಿ ವರ್ಕ್‌ಶಾಪ್ ಮುಚ್ಚಿದ ಮೇಲೆ ನಾನು ಬೇರೆ ಕಂಪನಿಗೆ ಸೇರಿ ಅಲ್ಲಿಂದಲೇ ನಿವೃತ್ತನಾದೆ. ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹೇಳಲೇಬೇಕಾದದ್ದು ಆ ತಗಡು ಕೂರಿಸಿದ ಮೇಲಿನ ಸುಗ್ಗಿಯ ಒಂದು ಬೆಳಗ್ಗೆ.

ಇಂಜಿನ್ನಿನ ನಾಗಸ್ವರ ಇನ್ನೂ ಸ್ವಲ್ಪ ಕೇಳಿಸುತ್ತದೆ ಎಂದು ದೂರು ಬಂದಿತ್ತು. ಓಡುವ ಜೀಪಿನಲ್ಲೇ ಅದನ್ನು ಹುಡುಕಬೇಕು ಎಂದು ನಾನು ನಂಜುಂಡಪ್ಪನ ಪಕ್ಕ ಕೂತು ಹೊರಟಿದ್ದೆ. ಬೆಳಕು ಹರಿದಿತ್ತು, ಮಂಜು ಇನ್ನೂ ಎದ್ದಿರಲಿಲ್ಲ. ಗೊಟ್ಟಿಗೆರೆ ಆಚೆಯ ನೀಲಗಿರಿ ತೋಪಿನಲ್ಲಿ ಒಂದು ಹಿಂಡು ನಿಂತಿದೆ, ಜೊತೆಗೆ ಮರಿಯೂ ಇದೆ ಎಂದು ಕಾವಲುಗಾರರು ಹೇಳಿದ್ದರು. ತೋಪಿನ ಒಂದು ಕಡೆ ಊರು ಮತ್ತು ರಸ್ತೆ. ಇನ್ನೊಂದು ಕಡೆ, ಎರಡು ದಿಬ್ಬಗಳ ನಡುವೆ ಇಕ್ಕಟ್ಟಾದ ಒಂದು ಗಾಡಿದಾರಿ, ಅದರ ಕೊನೆಗೆ ಕಾಡು. ತಿಪ್ಪೇಸ್ವಾಮಿ ಸಾಹೇಬರು ಕಾವಲುಗಾರರೊಂದಿಗೆ ಊರ ಕಡೆ ಪಟಾಕಿ, ಒಂದು ಸಣ್ಣ ಸೆಟ್ಟು ಹಿಡಿದು ನಿಲ್ಲುವುದು, ನಾವು ಗಾಡಿದಾರಿ ದಾಟಿ ಆಚೆ ಹೋಗಿ ಹಿಂಡು ಹೊಲಗಳಿಗೆ ತಿರುಗದಂತೆ ನೋಡಿಕೊಳ್ಳುವುದು, ಸೆಟ್ಟಿನ ಸದ್ದಿಗೆ ಆನೆ ಬೆದರಬಾರದೆಂದು ಮಾತಾಡದೆ, ನಾವು ದಾಟುವಷ್ಟು ಹೊತ್ತು ಬಿಟ್ಟು ಅವರು ಪಟಾಕಿ ಹಚ್ಚುವುದು, ಹಿಂಡು ಆ ದಾರಿ ಹಿಡಿದು ಕಾಡಿಗೆ ಹೋಗುವುದು. ಪ್ರತಿ ಸಲವೂ ನಡೆಯುತ್ತಿದ್ದದ್ದು ಹೀಗೆಯೇ.

ಆ ಬೆಳಗ್ಗೆ ಗಾಡಿದಾರಿಯ ಬಾಯಿಯಲ್ಲೇ ಮಣ್ಣು ಕುಸಿದಿತ್ತು. ಮಂಜಿನಲ್ಲಿ ಕಾಣಲಿಲ್ಲ. ಜೀಪಿನ ಎಡಗಡೆಯ ಗಾಲಿಗಳು ಕೆಳಗಿಳಿದವು, ಜೀಪು ದಿಬ್ಬಕ್ಕೆ ಒರಗಿ ವಾಲಿಕೊಂಡು ನಿಂತಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಂಜುಂಡಪ್ಪನ ಪಾದ ಪೆಡಲಿನ ಕೆಳಗೆ ಸಿಕ್ಕಿಕೊಂಡು ತಿರುಚಿತ್ತು. ಬಿಡಿಸಿದೆವು, ಆದರೆ ಊರಲು ಆಗಲಿಲ್ಲ. ಅವನು ತನ್ನ ಕಾಲು ನೋಡಲಿಲ್ಲ, ತೋಪಿನ ಕಡೆ ನೋಡಿದ. ಮಂಜಿನೊಳಗೆ ಎಲೆ ತರಿಯುವ ಸದ್ದು ಕೇಳುತ್ತಿತ್ತು.

“ಈಗೇನಾರ ಸಾಹೇಬ್ರು ಪಟಾಕಿ ಹಚ್ಚಿದ್ರೆ ಎಲ್ಲಾ ಇಲ್ಗೇ ನುಗ್ತಾವೆ,” ಎಂದ ಮೆಲ್ಲಗೆ. “ದಾರಿ ಇರಾದು ಇದೊಂದೇಯ. ನೀನು ಓಡೋಗು ಬಸವರಾಜು.”

ನಾನು ಓಡಲಿಲ್ಲ. ಧೈರ್ಯ ಎಂದು ಯಾರೂ ತಿಳಿಯಬಾರದು. ಮಂಜಿನಲ್ಲಿ ಯಾವ ಕಡೆ ಓಡಬೇಕೆಂದು ನನಗೆ ಗೊತ್ತಿರಲಿಲ್ಲ, ಅವನನ್ನು ಬಿಟ್ಟು ಓಡಲು ಕಾಲೂ ಬರಲಿಲ್ಲ. ಮೈಕ್ ಎತ್ತಿಕೊಂಡು ಪಿಸುಗುಟ್ಟಿದೆ. ಉತ್ತರ ಬರಲಿಲ್ಲ. ತಲೆಯೆತ್ತಿ ನೋಡಿದರೆ ಕಾರಣ ಕಾಣುತ್ತಿತ್ತು. ಜೀಪು ವಾಲಿದ್ದರಿಂದ ಕಡ್ಡಿ ದಿಬ್ಬದ ಹಸಿಮಣ್ಣಿಗೆ ಅಡ್ಡಬಿದ್ದು ಲಾಂಟಾನದಲ್ಲಿ ಹೂತುಕೊಂಡಿತ್ತು. ನಮ್ಮ ದೀಪದ ಕಂಬ ಮಣ್ಣಿಗೆ ಮುಖ ಕೊಟ್ಟು ಮಲಗಿತ್ತು.

ಕೈ ತಾನಾಗಿಯೇ ಚಿಟ್ಟೆ ನಟ್ಟುಗಳಿಗೆ ಹೋಯಿತು. ತಿರುಗಿಸಿದೆ, ಬಂದವು. ತಾಮ್ರದ ಪಟ್ಟಿಯನ್ನು ಬಿಚ್ಚಿ, ತಗಡನ್ನು ಕಡ್ಡಿಯ ಸಮೇತ ಕಳಚಿ ಬಾನೆಟ್ಟಿನ ಮೇಲೆ ಹತ್ತಿ ನಿಂತೆ. ಸಡಿಲ ಬಿಟ್ಟಿದ್ದ ಕೇಬಲ್ ಅಷ್ಟು ದೂರ ಬಂತು. ಮದುವೆ ಮನೆಯಲ್ಲಿ ತಟ್ಟೆ ಹೊರುವವರಂತೆ ತಗಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ನಂಜುಂಡಪ್ಪ ಮೈಕ್ ಬಾಯಿಗೆ ಹಿಡಿಯುವ ಮೊದಲು ಒಂದು ಕೆಲಸ ಮಾಡಿದ. ಸ್ಪೀಕರಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟ. “ಸಾಹೇಬ್ರು ಉತ್ರ ಕೊಟ್ಟರೆ ಆನೆ ಇಲ್ಲೇ ಎಗರ್ತಾವೆ,” ಎಂದ. ಆ ದನಿ ನನಗೂ ಗೊತ್ತಿತ್ತು. ಆಮೇಲೆ ಮೈಕಿಗೆ ತುಟಿ ತಾಗಿಸಿ ಹೇಳಿದ. “ಸಾ, ನಂಜುಂಡ ಮಾತಾಡ್ತಿರಾದು. ಗಾಡಿ ದಾರೀಲಿ ಸಿಕ್ಕಾಕೊಂಡೈತೆ. ಪಟಾಕಿ ಬ್ಯಾಡ ಸಾ. ಹಚ್ಚಬ್ಯಾಡಿ. ತಾವಾಗೇ ಹೋಗ್ಲಿ.” ಅದನ್ನೇ ಮತ್ತೆ ಮತ್ತೆ ಹೇಳಿದ.

ಕೇಳಿಸಿತೋ ಇಲ್ಲವೋ ತಿಳಿಯುವ ದಾರಿ ನಮಗಿರಲಿಲ್ಲ. ಜೀವಮಾನವಿಡೀ ನಾನು ಏರಿಯಲ್ ಕೂರಿಸಿ ಉತ್ತರಕ್ಕಾಗಿ ಕಾದವನು. ಆವತ್ತು ಮಾತ್ರ ಯಾವ ಸದ್ದೂ ಬಾರದಿರಲಿ ಎಂದು ಕಾದೆ. ಊರ ಕಡೆಯಿಂದ ಪಟಾಕಿ ಈಗ ಸಿಡಿಯಿತು, ಇನ್ನೇನು ಸಿಡಿಯಿತು ಎಂದುಕೊಳ್ಳುತ್ತ ನಿಂತಿದ್ದೆ. ಸಿಡಿಯಲಿಲ್ಲ. ಎಲ್ಲೋ ಒಂದು ಹುಂಜ ಕೂಗಿತು.

ಆಮೇಲೆ ಅವು ಬಂದವು. ಮಂಜಿನಿಂದ ಮೊದಲು ಒಂದು ದೊಡ್ಡ ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಮರಿ, ಹಿಂದೆ ಉಳಿದವು. ಅವಸರವೇ ಇರಲಿಲ್ಲ. ಕಿವಿ ಬೀಸುವ ಗಾಳಿ ಮುಖಕ್ಕೆ ತಾಗುವಷ್ಟು ಹತ್ತಿರ, ಜೀಪಿನ ಬಲಕ್ಕೆ ಉಳಿದಿದ್ದ ಸಂದಿಯಲ್ಲಿ ಒಂದೊಂದಾಗಿ ದಾಟಿದವು. ಮುಂದಿನದು ಒಂದು ಕ್ಷಣ ನಿಂತು ಸೊಂಡಿಲು ಚಾಚಿ ಬಾನೆಟ್ಟನ್ನು ಮೂಸಿತು. ಅದರ ಮೇಲೆ ತಗಡು ಹೊತ್ತು ನಿಂತಿದ್ದ ನನ್ನನ್ನು ಏನೆಂದುಕೊಂಡಿತೋ. ಉಸ್ಸೆಂದು ಉಸಿರು ಬಿಟ್ಟು ಮುಂದೆ ನಡೆಯಿತು. ಮರಿ ಮಾತ್ರ ತಿರುಗಿ ತಿರುಗಿ ನೋಡುತ್ತ ಹೋಯಿತು. ಕೊನೆಯದೂ ಕಾಡಿನ ಕಡೆ ಕರಗಿದ ಮೇಲೆ ತಗಡು ಕೆಳಗಿಳಿಸಲು ಹೋದರೆ ತೋಳು ಮಡಚಲು ಬರಲಿಲ್ಲ. ನಂಜುಂಡಪ್ಪ ಸ್ಟೀರಿಂಗಿಗೆ ಹಣೆ ಹಚ್ಚಿ ಸದ್ದಿಲ್ಲದೆ ಅಳುತ್ತಿದ್ದ.

ತಿಪ್ಪೇಸ್ವಾಮಿ ಸಾಹೇಬರು ಮಂಜಿನಲ್ಲಿ ಓಡುತ್ತ ಬಂದರು. ಕೈಯಲ್ಲಿ ಬೆಂಕಿಪೊಟ್ಟಣ ಹಾಗೇ ಇತ್ತು. ನಂಜುಂಡಪ್ಪನನ್ನು ಮಗುವಿನಂತೆ ತೋಳಿಗೆ ಆನಿಸಿಕೊಂಡು, ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದರು. “ಏನ್ ಹೇಳ್ದೆ ಅಂತ ಪೂರ್ತಿ ಕೇಳಿಸ್ಲಿಲ್ಲ ಕಣಯ್ಯಾ. ಬರೀ ಕರಕರ. ಮಧ್ಯ ‘ಬ್ಯಾಡ’ ಅನ್ನೋದೊಂದು ಕೇಳಿಸ್ತು. ಕಡ್ಡಿ ಗೀರಿದ್ದೆ, ಊದ್ಬಿಟ್ಟೆ.”

ಕಾಲು ಮುರಿದಿರಲಿಲ್ಲ, ಉಳುಕಿತ್ತು. ಬೇರೊಂದು ಗಾಡಿಗೆ ಹಗ್ಗ ಕಟ್ಟಿ ಜೀಪನ್ನು ಎಳೆಸಿಕೊಂಡು ನಾನು ಮಧ್ಯಾಹ್ನ ವರ್ಕ್‌ಶಾಪಿಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಆನಂದ ಓಡಿಬಂದು ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಮೇಡಂ ನನ್ನ ಮೊಣಕೈಗೆ ಅರಿಶಿನ ಹಚ್ಚಿ, ಕಾಫಿ ಕೊಟ್ಟು, ನಡೆದದ್ದನ್ನೆಲ್ಲ ಮೊದಲಿಂದ ಹೇಳಿಸಿಕೊಂಡರು. ಮಧ್ಯೆ ಮಧ್ಯೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸಿದೆ. ಅವರು ಎದ್ದು ಜೀಪಿನ ಹತ್ತಿರ ಹೋಗಿ, ಕೇಬಲ್ಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಸವರುತ್ತ ಬಂದು, ಒಂದು ಕಡೆ ಬೆರಳು ನಿಲ್ಲಿಸಿದರು.

“ಒಂದು ಮಾತು ಮುಟ್ತು, ದೊಡ್ಡದು,” ಎಂದರು. “ಉಳಿದ ಮಾತೆಲ್ಲ ಎಲ್ಲಿ ಹೋಯ್ತು ಹುಡುಕೋಣ ಬನ್ನಿ, ಬಸವರಾಜು.”